ಬಚ್ಚಲ ಬಾಗಿಲಿಗೆ ಹಳದಿ

ಫೆಬ್ರುವರಿ 4, ಬೆಳಿಗ್ಗೆ 7
ಅತ್ತಿಗೆಯನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ದೆ. ಪೆಟ್ಟು ಬಿದ್ದು ಇಂದಿಗೆ ಹನ್ನೊಂದನೆಯ ದಿನ. ಹಣೆಯ ಹೊಲಿಗೆ ಬಿಚ್ಚಿಯಾಯಿತು. ಹೆದರಿಕೆ ಹಾಗೇ ಇದೆ. ಒಬ್ಬರೇ ಒಂದು ಹೆಜ್ಜೆ ಇಡುವುದಿಲ್ಲ. ಮಂಜಾಗುತ್ತ ಬಂದ ಅವರ ಕಣ್ಣಿಗೆ ಎದ್ದು ಕಾಣುವ ಬಣ್ಣ ಮಾತ್ರ ತಿಳಿಯುತ್ತದೆ. ನಮ್ಮದು ಮಬ್ಬು ಪ್ಯಾಸೇಜ್, ಕಂದು ವಾರ್ನಿಷ್ ಬಾಗಿಲು. ಅದನ್ನು ಅರ್ಧ ತೆರೆದು ಬಿಟ್ಟವನು ನಾನು — ಕಾದಂಬರಿಗೆ ಮರಳುವ ಆತುರ. ಯಾವುದೋ ದೇಶದ ಹಿಮದಲ್ಲಿ ಯಾರೋ ಸಾಯುತ್ತಿದ್ದರು. ಇಲ್ಲಿ, ಬೆನ್ನ ಹಿಂದೆ, ಬಾಗಿಲಂಚಿಗೆ ಅತ್ತಿಗೆಯ ಹಣೆ ಢಬ್ ಎಂದು ಬಡಿದ ಸದ್ದು.
ಐದು ವರ್ಷದವನಿದ್ದಾಗಿನಿಂದ ನನ್ನನ್ನು ಸಾಕಿದವರು. ಬೈಗುಳಕ್ಕೆ ಎಂದೂ ಬರವಿರಲಿಲ್ಲ. ಈ ಸಲ ಬೈಯಲೇ ಇಲ್ಲ...
ಬಾಗಿಲಿಗೆ ಹಳದಿ ಬಳಿಯುತ್ತೇನೆ.

ಫೆಬ್ರುವರಿ 6
ಬಳಿದೆ. ಒಣಗಿತು. ಉಗುರು ತಾಗಿದ್ದೇ ತಡ, ಹಾಲಿನ ಕೆನೆಯಂತೆ ಎದ್ದು ಬಂತು.
ಬಣ್ಣದಂಗಡಿಯವನು ಕೇಳಿದ, "ಉಜ್ಜಿದ್ರಾ?"
"ಒರೆಸಿದ್ದೆ."
"ಒರೆಸಿದ್ರೆ ಇನ್ನಷ್ಟು ಹೊಳೆಯುತ್ತೆ, ಅಷ್ಟೆ. ಹೊಳಪು ಸಾಯ್ಬೇಕು ಸಾರ್, ಆಗಲೇ ಬಣ್ಣ ಹಿಡಿಯೋದು. ಮೊದಲು ಸೋಪಿನ ನೀರು, ಒಣಗಿದ ಮೇಲೆ ಸ್ಯಾಂಡ್‌ಪೇಪರ್, ಧೂಳು ತೆಗೆದು ಪ್ರೈಮರ್. ಇಷ್ಟು ದಪ್ಪ ಪುಸ್ತಕ ಕಂಕುಳಲ್ಲಿಟ್ಕೊಂಡು ಓಡಾಡ್ತೀರಿ, ಡಬ್ಬಿ ಮೇಲಿರೋದು ಓದಲಿಲ್ವಾ?"
ಓದಿರಲಿಲ್ಲ.

ಫೆಬ್ರುವರಿ 10
ಮೂರು ದಿನ ಉಜ್ಜಿದೆ. ಸಾಕೆನಿಸಿತು. ಅತ್ತಿಗೆ ಕುರ್ಚಿ ಹಾಕಿಸಿಕೊಂಡು ಬಾಗಿಲ ಮೇಲೆ ಅಂಗೈ ಆಡಿಸಿದರು.
"ಇಲ್ಲಿ ಜಾರ್ತಿದೆ. ಇಲ್ಲೂ."
ಬೆಳಕಿಗೆ ಓರೆಯಾಗಿ ನೋಡಿದೆ. ಅವರು ಬೆರಳಿಟ್ಟಲ್ಲೆಲ್ಲ ವಾರ್ನಿಷ್ ಇನ್ನೂ ಮಿನುಗುತ್ತಿತ್ತು. ಸ್ಯಾಂಡ್‌ಪೇಪರ್ ಇಸಿದುಕೊಂಡು ತಾವೇ ಉಜ್ಜಿದರು, ಮರದ ಎಳೆ ಹಿಡಿದು, ಮೇಲಿನಿಂದ ಕೆಳಗೆ. ನನಗೆ ಅಕ್ಷರ ತಿದ್ದಿಸಿದ್ದೂ ಇದೇ ಕೈ. ಹೇಳಬೇಕೆನಿಸಿತು. ಕುಡಿಯಲು ನೀರು ತಂದುಕೊಟ್ಟೆ.

ಫೆಬ್ರುವರಿ 14
ಪ್ರೈಮರ್. ಎರಡು ಕೋಟ್ ಹಳದಿ. ಉಗುರಿನಿಂದ ಕೆರೆದೆ. ಏಳಲಿಲ್ಲ.

ಫೆಬ್ರುವರಿ 15, ಸಂಜೆ 5
ಹೊಸ ಬಣ್ಣ ಚೌಕಟ್ಟಿಗೆ ಅಂಟೀತೆಂದು ಬಾಗಿಲನ್ನು ಅರ್ಧ ತೆರೆದೇ ಇಟ್ಟಿದ್ದೆ. ಅತ್ತಿಗೆ ಕರೆದಾಗ ಸರಿಸಿದರಾಯಿತೆಂದು ಓದುತ್ತ ಕೂತೆ. ಹೆಜ್ಜೆ ಸಪ್ಪಳ. ತಲೆಯೆತ್ತಿದರೆ ಪ್ಯಾಸೇಜಿನಲ್ಲಿ ಅತ್ತಿಗೆ — ಒಬ್ಬರೇ. ಪುಸ್ತಕ ಬಿಟ್ಟು ಎದ್ದೆ.
ಬಾಗಿಲಿಗೆ ಒಂದು ಗೇಣು ಇರುವಾಗ ನಿಂತರು.
"ಮತ್ತೆ ಹೀಗೆ ಬಿಟ್ಟವನು ಯಾವನು?"
"ನಾನೇ, ಅತ್ತಿಗೆ."
"ಕಣ್ಣು ಹೋಗಿದ್ದು ನಂಗಾ ನಿಂಗಾ, ಪುಸ್ತಕದ ಹುಳ? ನಿಂಗೆ ಬುದ್ಧಿ ಬರೋಷ್ಟರಲ್ಲಿ ಈ ಬಾಗಿಲಿಗೆ ಗೆದ್ದಲು ಹಿಡಿದಿರುತ್ತೆ."
ತಳ್ಳಿ ಒಳಹೋದರು. ಚಿಲಕ ಹಾಕಿಕೊಂಡರು. ಬೈಗುಳ ಇನ್ನೂ ಕೇಳಿಸುತ್ತಿದೆ. ಒಂದಕ್ಷರ ಬಿಡದೆ ಬರೆದಿಡಬೇಕು. ಮೊದಲನೆಯದು—