ಒಗೆಯದ ಜರ್ಸಿ

೩, ಸೋಮವಾರ. ಬೆಳಿಗ್ಗೆ

ಯಾರದು ಓದ್ತಿರೋದು? ಮುಚ್ಚು ಪುಸ್ತಕ. ಮುದುಕಿ ದಿಂಬಿನಡಿ ಕೈ ಹಾಕೋಕೆ ನಾಚಿಕೆ ಆಗಲ್ವಾ? ನಾಲ್ಕನೇ ಕ್ಲಾಸು ಕಲಿತವಳ ಅಕ್ಷರ. ಓದಿ ಕಣ್ಣು ನೋಯಿಸ್ಕೋ.

ಹನ್ನೊಂದು ಜೊತೆ ಸಾಕ್ಸು ಒಗೆದೆ. ಮಗನ ಜರ್ಸಿ ಮಾತ್ರ ಮುಟ್ಟೋ ಹಾಗಿಲ್ಲ. ಅವನು ಫುಟ್‌ಬಾಲ್ ಟೀಮಿನ ಕೋಚು. ಅದನ್ನ ಹಾಕ್ಕೊಂಡು ನಿಂತ ಆರು ಮ್ಯಾಚೂ ಗೆದ್ದಿದಾರೆ. ಒಗೆದರೆ ಅದೃಷ್ಟ ಸೋಪಿನ ನೊರೆ ಜೊತೆ ಹೋಗುತ್ತಂತೆ. ಗಬ್ಬು ನಾತ! ದೊಡ್ಡ ಮೊಮ್ಮಗ ಗೋಲ್‌ಕೀಪರ್. ಸೊಸೆ ಬಡಿಸ್ತಾ ಬಡಿಸ್ತಾನೇ ಟಿವಿ ನೋಡಿ ಆಫ್‌ಸೈಡ್ ಅಂತ ಕಿರುಚ್ತಾಳೆ. ಚಿಕ್ಕೋನು ಒಬ್ಬನೇ ಮೂಲೆಯಲ್ಲಿ ತಾತನ ಕೈಗಡಿಯಾರ ಬಿಚ್ಕೊಂಡು ಕೂತಿದಾನೆ. ನಮ್ಮ ಯಜಮಾನರು ಹೋದಾಗಿಂದ ನಿಂತಿದೆ ಅದು.

"ಇನ್ನೊಂದು ಸ್ಪ್ರಿಂಗು ಅಜ್ಜಿ, ನಡೆಯುತ್ತೆ ನೋಡು" ಅಂದ.

೯, ಭಾನುವಾರ. ಸಂಜೆ

ಮ್ಯಾಚಿಗೆ ಚಿಕ್ಕೋನನ್ನೂ ಎಳ್ಕೊಂಡು ಹೋದರು, ಬೆಂಚು ತುಂಬಿಸೋಕೆ. ಎರಡೂ ಕಡೆ ಒಂದೊಂದು ಗೋಲು. ಆಟ ಮುಗೀತಾನೇ ಇಲ್ಲ. ರೆಫ್ರಿ ಬೆಂಚಿನ ಹತ್ತಿರ ಬಂದಾಗ ಚಿಕ್ಕೋನು ಎದ್ದು ನಿಂತು—

"ಸರ್, ನಿಮ್ಮ ವಾಚು ನಿಂತಿದೆ. ಏಳು ನಿಮಿಷ ಜಾಸ್ತಿ ಆಡಿಸಿದೀರಿ."

ರೆಫ್ರಿ ಸೀಟಿ ಊದೇಬಿಟ್ಟ. ನಮ್ಮವರ ಬಾಲು ಗೋಲಿನ ಬಾಯಲ್ಲಿತ್ತು, ಕಾಲು ತಾಗಿಸಿದ್ರೆ ಸಾಕಿತ್ತು. ಡ್ರಾ.

ಮನೆಗೆ ಬಂದವನೇ ಮಗ, "ಮನೆಹಾಳ! ಯಾರ ಕಡೆಯವನೋ ನೀನು?" ಅಂತ ಚಿಕ್ಕೋನ ಗಡಿಯಾರದ ಸಾಮಾನಿದ್ದ ಟ್ರೇ ಎತ್ತಿ ಚರಂಡಿಗೆ ಸುರಿದ. ಚಿಮಟ, ಸ್ಕ್ರೂ, ಯಜಮಾನರ ಗಡಿಯಾರ... ಎಲ್ಲಾ.

"ವಾಚು ನಿಂತಿತ್ತಪ್ಪ" ಅಂತು ಮಗು.

ಮೊಣಕೈವರೆಗೂ ಕೈ ಬಿಟ್ಟು ಹುಡುಕಿದೆ. ಗಡಿಯಾರದ ಬರೀ ಡಬ್ಬಿ ಸಿಕ್ತು. ಒಳಗೇನಿಲ್ಲ.

೨೦, ಗುರುವಾರ

ಚರಂಡಿಗೆ ಬಿಟ್ಟ ಕೈ ಬಾತಿತ್ತು, ಬರೀಲಿಲ್ಲ. ವಾಚ್ ಅಂಗಡಿಯವರು ಚಿಕ್ಕೋನಿಗೆ ಕೆಲಸ ಕಲಿಸ್ತಾರಂತೆ, ಸ್ಕೂಲ್ ಬಿಟ್ಟ ಮೇಲೆ. ಒಂದನೇ ತಾರೀಕಿನೊಳಗೆ ಅಪ್ಪನ ಸಹಿ ಬೇಕು. ಮಗನ ಮುಂದೆ ಫಾರಂ ಹಿಡಿದೆ.

"ಸುಮ್ನಿರಮ್ಮ. ನನ್ನ ಮಗ ಮುಳ್ಳು ತಿರುಗಿಸ್ಕೊಂಡು ಕೂರ್ಬೇಕಾ?"

ಅದರಲ್ಲೇ ಬೂಟಿನ ಕೆಸರು ಒರೆಸಿದ. ಮಗು ನೋಡ್ತಾ ನಿಂತಿತ್ತು.

ಫಾರಂ ತೊಳೆಯೋಕಾಗಲ್ಲ. ಒಣಗಿಸಿ, ಇಸ್ತ್ರಿ ಹಾಕಿಟ್ಟೆ. ಸರಿ ಕಣೋ ಮಗನೇ. ನೋಡ್ಕೊಳ್ತೀನಿ ನಿನ್ನ.

೨೬, ಬುಧವಾರ

ಮನೆ ಬುಡಮೇಲು. ಜರ್ಸಿ ಇಲ್ಲ! ಸೊಸೆ ಹಾಸಿಗೆಗಳನ್ನೆಲ್ಲ ಮಗುಚಿದಳು. ಹೊಟ್ಟೆ ತಣ್ಣಗಾಯ್ತು ನನಗೆ.

"ಅಜ್ಜಿ, ನಿನ್ನ ಹತ್ರ ಬಂದ್ರೆ ಅದೇ ವಾಸನೆ" ಅಂದ ದೊಡ್ಡೋನು.

"ವಯಸ್ಸಾಗಲಿ, ನಿನಗೂ ಬರುತ್ತೆ."

ಮಗ ಚಿಕ್ಕೋನ ಮೇಲೆ ಕೈ ಎತ್ತಿದ. ಮಧ್ಯೆ ನಿಂತೆ. "ನಾನು ತೆಗೆದಿಟ್ಟಿದೀನಿ. ಹೊಡಿ, ನನ್ನ ಹೊಡಿ." ಕೈ ಇಳಿಸಿದ. ಎಲ್ಲಿದೆ ಅಂತ ಮಾತ್ರ ನಾನು ಹೇಳಲಿಲ್ಲ.

೨೮, ಶುಕ್ರವಾರ

ಪುಟದ ಮೇಲೆ ಟೀ ಲೋಟದ ಗುರುತು. ಈ ಮನೇಲಿ ಕಂಡಕಂಡಲ್ಲಿ ಲೋಟ ಇಡೋನು ಒಬ್ಬನೇ. ಓದಿದ್ರಾ ಕೋಚ್ ಸಾಹೇಬ್ರೇ? ಪೂರ್ತಿ ಓದಿ.

ಜರ್ಸಿ ನನ್ನ ಮೈಮೇಲಿದೆ, ಸ್ವೆಟರಿನ ಒಳಗೆ. ಧೈರ್ಯ ಇದ್ರೆ ಬಿಚ್ಚಿಸ್ಕೋ. ಬರೋ ಏಳನೇ ತಾರೀಕು ಫೈನಲ್. ನಿನ್ನನ್ನ ಒಂಬತ್ತು ತಿಂಗಳು ಹೊತ್ತವಳು, ಇದನ್ನ ಇನ್ನೊಂಬತ್ತು ದಿನ ಹೊರಲಾರೆನಾ?

ಫಾರಂ ಹಿಂದಿನ ಪುಟದಲ್ಲಿದೆ. ಕೆಸರಿನ ಮೇಲೇ ಸಹಿ ಹಾಕು. ತಪ್ಪಾಯ್ತು ಅಂತ ಚಿಕ್ಕೋನಿಗೆ ಹೇಳು, ನನ್ನೆದುರಿಗೆ. ಉತ್ತರ ಇಲ್ಲೇ ಕೆಳಗೆ ಬರಿ, ಬರೋ ತಿಂಗಳು ಹುಟ್ಟೋದ್ರೊಳಗೆ. ಇಲ್ಲಾಂದ್ರೆ ಬಕೆಟ್ಟಿಗೆ ಬಿಸಿನೀರು ತುಂಬಿಸ್ತೀನಿ, ಬ್ರಷ್ಷೂ ಇದೆ, ಸೋಪು—