ಪೇಟಿ ಎಂದರೆ ಹಾರ್ಮೋನಿಯಂ

ಆಂಟಾಪ್ ಹಿಲ್, ಮುಂಬಯಿ
ಜನವರಿ 12, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಅತ್ತಿಗೆಯ ಮಂಡಿನೋವು ಇಳಿಯಿತೇ? ನಿನ್ನ ಕೆಮ್ಮಿಗೆ ಕಷಾಯವೊಂದೇ ಸಾಲದು, ಉಡುಪಿಗೆ ಹೋದಾಗ ಡಾಕ್ಟರಿಗೂ ಒಮ್ಮೆ ತೋರಿಸು. ಇಷ್ಟು ವರ್ಷದ ಮೇಲೆ ಇವಳಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಕೇಸು ಮುಗಿಯುವವರೆಗೆ ಫೋನಿನಲ್ಲಿ ಏನೂ ಮಾತಾಡಕೂಡದು ಎಂದು ವಕೀಲರ ಕಟ್ಟಪ್ಪಣೆ. ಬರೆದದ್ದನ್ನೂ ನಿನ್ನ ಭಾವ ಒಮ್ಮೆ ಓದಿಯೇ ಲಕೋಟೆಗೆ ಹಾಕಲು ಬಿಡುತ್ತಾರೆ. ಆದ್ದರಿಂದ ಅವರನ್ನು ಹೊಗಳಿಯೇ ಬರೆಯುತ್ತೇನೆ.

ನಾವು ಸುಖವಾಗಿದ್ದೇವೆ, ನಿಜವಾಗಿಯೂ. ಮೇಯರ್ ಬಂಗಲೆ ಬಿಟ್ಟು ನಮ್ಮ ಹಳೆಯ ಬಿಲ್ಡಿಂಗಿಗೇ ಬಂದೆವು. ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದ ಇವರು ನಗರಸೇವಕರಾದರು, ಆಮೇಲೆ ಉಪನಗರದ ಪಾಲಿಕೆಗೆ ಮೇಯರೂ ಆದರು. ಅಷ್ಟು ವರ್ಷ ನಾನು ಕಂಡದ್ದು ಅವರ ಕಾರಿನ ಹಿಂಭಾಗವನ್ನು ಮಾತ್ರ. ಈಗ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂತು ಅಲಸಂಡೆ ಮುರಿಯುತ್ತಾರೆ. ಕೆಳಗಿನ ಮನೆಯ ಮೈಸೂರಿನ ರಮಾಮಣಿ, "ನಿಮ್ಮ ಯಜಮಾನ್ರು ತರಕಾರಿ ಚೀಲ ಹಿಡ್ಕೊಂಡು ಬರ್ತಿದ್ರು ಕಣ್ರೀ, ಗುರುತೇ ಸಿಗ್ಲಿಲ್ಲ" ಎಂದು ಬೆರಗಾದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಕೇಸಿನ ಸಂಗತಿ. ಕಸ ಎತ್ತುವ ಗುತ್ತಿಗೆದಾರ ಹಿತೇಶ್ ಫೋನಿನಲ್ಲಿ "ಸಾಬ್, ಪೇಟಿ ಪಹುಂಚ್ ಗಯೀ?" ಎಂದು ಕೇಳಿದ್ದೂ, ಇವರು "ಹಾಂ, ಪಹುಂಚ್ ಗಯೀ" ಎಂದದ್ದೂ ರೆಕಾರ್ಡ್ ಆಗಿದೆ. ಇಲ್ಲಿ ಪೇಟಿ ಎಂದರೆ ಒಂದು ಲಕ್ಷ ರೂಪಾಯಿ ಎಂದು ಬೀದಿಯ ಮಕ್ಕಳಿಗೂ ಗೊತ್ತು. ಆದರೆ ಮರಾಠಿಯಲ್ಲಿ ಹಾರ್ಮೋನಿಯಮ್ಮಿಗೂ ಪೇಟಿ ಎನ್ನುತ್ತಾರಲ್ಲ. ಭಜನೆಗೆಂದು ಹಾರ್ಮೋನಿಯಂ ತರಿಸಿದ್ದೆ, ಅದು ತಲುಪಿತೇ ಎಂದು ಹಿತೇಶ್ ಕೇಳಿದ, ಅಷ್ಟೇ ಎಂದು ಇವರು ತನಿಖೆಯವರಿಗೆ ಹೇಳಿದ್ದಾರೆ. ಆ ಅಧಿಕಾರಿ ಕಿಲಾಡಿ. ಇಪ್ಪತ್ತೆಂಟನೇ ತಾರೀಕಿನ ವಿಚಾರಣೆಗೆ ಪೇಟಿಯನ್ನೂ ತನ್ನಿ, ಒಂದು ಅಭಂಗ ಕೇಳೋಣ ಎಂದನಂತೆ. ಅಂದಿನಿಂದ ಮನೆಯಲ್ಲಿ ಸರಿಗಮ ಶುರುವಾಗಿದೆ. ಗ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಇವರು ತಿದಿ ಒತ್ತುವುದನ್ನು ಮರೆಯುತ್ತಾರೆ. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡುತ್ತೇನೆ. ಊರಿನ ಭಜನಾ ಮಂಡಳಿಯಲ್ಲಿ ಇಷ್ಟು ಕಾಲ ನುಡಿಸಿದವನು ನೀನು. ಬೇಗ ಬಂದು ಒಂದಾದರೂ ಹಾಡು ಕಲಿಸಬೇಕು ಎಂದು ನಿನ್ನ ಭಾವ ಕೇಳಿಕೊಂಡಿದ್ದಾರೆ. ಅದೇ ದಿನ ನನ್ನನ್ನೂ ಸಾಕ್ಷಿಗೆ ಕರೆದಿದ್ದಾರೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ದೇವರು ಒಳ್ಳೆಯ ಬುದ್ಧಿ, ಒಳ್ಳೆಯ ಹಸಿವು ಎರಡನ್ನೂ ಕೊಡಲಿ.

ನಿನ್ನ ತಂಗಿ,
ಅಪ್ಪಿ

ತಾ.ಕ.: ಇದನ್ನು ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅವರು ಓದಿಲ್ಲ. ಹಿತೇಶ್ ಫೋನು ಮಾಡಿದ ದಿನ ಬಂದದ್ದು ಮಾವಿನಹಣ್ಣಿನ ಪೆಟ್ಟಿಗೆ, ಅಣ್ಣಾ. ಬಾಗಿಲು ತೆಗೆದು ಒಳಗೆ ಇಟ್ಟುಕೊಂಡವಳು ನಾನೇ. ಅದರಲ್ಲಿದ್ದದ್ದು ಹಣ್ಣಲ್ಲ, ನೋಟು. ಹಾರ್ಮೋನಿಯಂ ಕೊಂಡದ್ದು ಕೇಸಾದ ಮೇಲೆ, ಪರೇಲಿನಲ್ಲಿ. ಮೇಲೆ ಬರೆದ ಸುಖ ಸುಳ್ಳಲ್ಲ. ಆದರೂ ವಿಚಾರಣೆಯಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳುವುದೆಂದು ಮನಸ್ಸು ಗಟ್ಟಿ ಮಾಡಿದ್ದೇನೆ. ನೀನು ಹಾಡು ಕಲಿಸುವುದು ಬೇಡ, ಆದರೆ ತಪ್ಪದೆ ಬಾ. ಆ ರಾತ್ರಿ ನಾನು ಬಡಿಸಿದರೆ ಅವರು ಉಣ್ಣಲಿಕ್ಕಿಲ್ಲ. ನೀನು ಬಡಿಸು.