ಸುಮಿತಾಳ ಕತ್ತಿನ ಎಕ್ಸ್‌ರೇ

ರೀ,

ನಮ್ಮ ಸುಮಿತಾಳನ್ನು ಕರೆದುಕೊಂಡು ಬಂಗಾರಪೇಟೆಯಲ್ಲಿ ರೈಲು ಹಿಡಿಯಲು ಹೊರಟಿದ್ದೇನೆ. ಅಂಗುಳಿನ ಎರಡನೇ ಆಪರೇಷನ್‌ಗೆ ಆಸ್ಪತ್ರೆಯಲ್ಲಿ ಇವತ್ತು ದಿನ ಗೊತ್ತುಮಾಡುತ್ತಾರೆ. ನೀವು ಡೈರಿಗೆ ಹಾಲು ಹಾಕಿ ಬಂದಮೇಲೆ ಇದನ್ನು ಅತ್ತೆಗೂ ಓದಿ ಹೇಳಿ.

ಕತ್ತು ಹಿಡಿದುಕೊಂಡಿದೆ ಎಂದು ಅವಳನ್ನು ಕ್ಯಾಸಂಬಳ್ಳಿಗೆ, ತಿರುಚಿಸಿ ನೆಟಿಕೆ ತೆಗೆಸಲು ಕರೆದೊಯ್ಯುವ ಮಾತು ಇನ್ನು ಬೇಡ. ಹೋದ ವಾರದ ಎಕ್ಸ್‌ರೇಯಲ್ಲಿ ಕತ್ತಿನ ಎರಡು ಮೂಳೆ ಹುಟ್ಟಿನಿಂದಲೇ ಅಂಟಿಕೊಂಡಿರುವುದು ಕಂಡಿದೆ. ಇವಳ ಹಾಗೆ ಸೀಳುತುಟಿ, ಸೀಳು ಅಂಗುಳು ಇರುವ ಕೆಲವರಿಗೆ ಹೀಗಿರುತ್ತದಂತೆ. ಹುಲ್ಲಿನ ಹೊರೆಯನ್ನೂ ಅವಳ ತಲೆಗೆ ಏರಿಸಬೇಡಿ. ಕರೆದರೆ ಮೈಯೆಲ್ಲ ತಿರುಗಿಸಿ ನೋಡುತ್ತಾಳೆ, ಜಂಬ ಎಂದು ಬೈಯುತ್ತಿದ್ದಿರಲ್ಲ, ಅದಕ್ಕೂ ಇದೇ ಕಾರಣ. ನಾನೂ ಬೈದಿದ್ದೇನೆ, ಬಿಡಿ.

ಸಾರು ಒಲೆ ಮೇಲಿದೆ. ಮುದ್ದೆ ನೀವೇ ತಿರುವಿಕೊಳ್ಳಿ.

ಇನ್ನೊಂದು ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಅವಳ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ಹದಿನಾರು ವರ್ಷ ಎಲ್ಲ ಕಡೆ ನಾನೇ ಮಾತಾಡಿದೆ. ಹೋದ ವಾರ ಡಾಕ್ಟರ ಮುಂದೆಯೂ ಬಾಯಿ ತೆರೆದೆ. "ನೀನ್ ಸುಮ್ಕಿರಮ್ಮ, ನಾನೇ ಏಳ್ತೀನಿ" ಅಂದಳು. ಕತ್ತು ಎಲ್ಲಿಯವರೆಗೆ ತಿರುಗುತ್ತದೆ, ಎಲ್ಲಿ ಹಿಡಿಯುತ್ತದೆ, ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಅದನ್ನು ಹಿಂದಕ್ಕೆ ಬಗ್ಗಿಸಬಾರದು, ಎಲ್ಲ ತಾನೇ ಹೇಳಿದಳು. ಡಾಕ್ಟರು ಬರೆದುಕೊಳ್ಳುತ್ತಾ ಹೋದರು. "ಏನಂದೆ?" ಎಂದು ಒಂದೇ ಒಂದು ಸಲವೂ ಕೇಳಲಿಲ್ಲ ಕಣ್ರೀ.